ಮುಗಿಲು ನೋಡುವ ನೌಕರಿಯ ಮುಲಾಖಾತು

ರಾಯಚೂರು ಜಿಲ್ಲೆಯ ಮೇಲಿರುವ ಆಕಾಶವು ಫಸಲಿ ಸಾವಿರದ ಮುನ್ನೂರ ಐವತ್ತೆರಡರವರೆಗೆ ಯಾವ ಇಲಾಖೆಯ ಅಧೀನದಲ್ಲಿಯೂ ಇರಲಿಲ್ಲ. ಭೂಮಿಗೆ ತಹಸೀಲು ಇತ್ತು, ಗಿಡಮರಗಳಿಗೆ ಜಂಗಲಾತ್ ಇತ್ತು, ಸೇಂದಿಗೆ ಆಬಕಾರಿ ಇತ್ತು. ಆಕಾಶವೊಂದು ಹೇಳುವವರು ಕೇಳುವವರಿಲ್ಲದೆ ತನ್ನ ಪಾಡಿಗೆ ತಾನಿತ್ತು. ಇಂಗ್ಲಿಷರ ಲೆಕ್ಕದ ಸಾವಿರದ ಒಂಬೈನೂರ ನಲವತ್ಮೂರರಲ್ಲಿ, ಯುದ್ಧ ಜೋರಾಗಿ ಜಪಾನಿನ ವಿಮಾನಗಳು ಯಾವ ಹೊತ್ತಿನಲ್ಲಾದರೂ ಈ ಕಡೆ ಬರಬಹುದೆಂಬ ಸುದ್ದಿ ಹಬ್ಬಿದಾಗ ಈ ಕೊರತೆ ಹೈದರಾಬಾದಿನ ಸರಕಾರದ ಗಮನಕ್ಕೆ ಬಂತು. ರಾಯಚೂರಿನಲ್ಲಿ 'ಆಸ್ಮಾನ್ ನಿಗರಾನಿ ದಫ್ತರು' ಎಂಬ ಹೊಸ ಕಚೇರಿ ತೆರೆಯಲಾಯಿತು. ಆಕಾಶದ ಮೇಲೆ ಕಣ್ಣಿಡುವುದು ಅದರ ಕೆಲಸ.

ಕಚೇರಿಗೆ ಕಿಲ್ಲೆಯ ಕೋಟೆಗೋಡೆಗೆ ಹತ್ತಿಕೊಂಡ ಒಂದು ಮನೆ ಸಿಕ್ಕಿತು. ಒಂದು ಕಡೆ ಕಿಲ್ಲೆಯ ಗೋಡೆ, ಇನ್ನೊಂದು ಕಡೆ ದೊಡ್ಡ ಬೇವಿನ ಮರಗಳಿದ್ದುದರಿಂದ ಅಲ್ಲಿಂದ ಆಕಾಶ ಕಾಣುತ್ತಿರಲಿಲ್ಲ. ಬ್ಯಾಸಗಿಗೆ ತಂಪು ಎಂದು ಎಲ್ಲರೂ ಮೆಚ್ಚಿದರು. ಹೈದರಾಬಾದಿನಿಂದ ಕಚೇರಿಯ ಮುಖ್ಯಸ್ಥರಾಗಿ ನಾಜಿಮ್ ಸಾಹೇಬರು ಬಂದರು. ಅವರ ಹಿಂದೆ ಮೇಜು ಬಂತು, ಕುರ್ಚಿಗಳು ಬಂದವು, ಪಂಖಾ ಬಂತು, ಪಂಖಾ ಎಳೆಯುವವನು ಬಂದ, ಕಾಗದಪತ್ರ ನೋಡುವ ಪೇಷಕಾರ ಬಂದ, ಜವಾನ ಬಂದ. ಆಕಾಶ ನೋಡುವವನೊಬ್ಬ ಬರುವುದು ಬಾಕಿ ಉಳಿಯಿತು.

ಎತ್ತರದ ಜಾಗ ಬೇಕೆಂದು ದೇವದುರ್ಗದ ಗುಡ್ಡವನ್ನು ಆರಿಸಿ, ಅಲ್ಲಿಗೆ ಒಬ್ಬ 'ನಿಗರಾನ್' ಬೇಕಾಗಿದ್ದಾನೆಂದು ತಾಲೂಕು ತಾಲೂಕಿಗೆ ಡಂಗುರ ಸಾರಿಸಿದರು. ಡಂಗುರದ ಒಕ್ಕಣೆ ಹೀಗಿತ್ತು:

"ನಿಗರಾನನು ಗುಡ್ಡದ ಮೇಲೆ ಕುಳಿತು ಮುಗಿಲು ನೋಡತಕ್ಕದ್ದು. ವಿಮಾನ ಕಂಡ ಕೂಡಲೇ ಅದರ ಬಣ್ಣ, ಉದ್ದ, ಬಂದ ದಿಕ್ಕು ಮತ್ತು ಬಂದ ಉದ್ದೇಶವನ್ನು ಬರೆದು ಅಥವಾ ಬರೆಸಿ ಟಪಾಲಿನಲ್ಲಿ ರಾಯಚೂರಿಗೆ ಕಳಿಸತಕ್ಕದ್ದು. ರಾಯಚೂರಿನಿಂದ ಜವಾಬು ಬರುವವರೆಗೆ ವಿಮಾನದ ಮೇಲಿಂದ ಕಣ್ಣು ತೆಗೆಯಕೂಡದು. ಜುಮ್ಮಾ ದಿನ, ಶುಕ್ರವಾರ, ರಜೆ ಇರುವುದರಿಂದ ಅಂದು ಕಂಡ ವಿಮಾನವನ್ನು ಮರುದಿನ ಕಂಡದ್ದೆಂದು ಬರೆಯತಕ್ಕದ್ದು. ಆಯ್ಕೆಯು ಮೂವರು ಮೆಂಬರರ ಮಂಡಳಿಯ ಮುಂದೆ ಮುಲಾಖಾತಿನ ಮೂಲಕ, ಅಂದರೆ ಎದುರು ನಿಲ್ಲಿಸಿ ಪ್ರಶ್ನೆ ಕೇಳಿ, ನಡೆಯುವುದು."

ಈ ಡಂಗುರವನ್ನು ಮಾನ್ವಿಯಲ್ಲಿ ಕೇಳಿಸಿಕೊಂಡವರಲ್ಲಿ ಪ್ರಹ್ಲಾದ ಒಬ್ಬ. ಅವನ ತಂದೆ ಹನುಮಂತಾಚಾರ್ಯರು ಗುಡಿಯ ಪೂಜೆಯವರು. ಪೂಜೆಯ ಸರದಿ ಅಣ್ಣತಮ್ಮಂದಿರಲ್ಲಿ ಹಂಚಿಹೋಗಿ, ಇವರ ಪಾಲಿಗೆ ವರ್ಷದಲ್ಲಿ ಬರುತ್ತಿದ್ದುದು ಜನ ಗುಡಿಗೆ ಬಾರದ ತಿಂಗಳು. ಪ್ರಹ್ಲಾದ ಮ್ಯಾಟ್ರಿಕ್ ಪಾಸಾಗಿ ಮನೆಯಲ್ಲಿದ್ದ. ರಾಯಚೂರಿನ ವಕೀಲ ಗೋಪಾಲಕೃಷ್ಣರಾಯರ ಮಗಳು ಜಯಾಬಾಯಿಯನ್ನು ಅವನಿಗೆ ಕೊಡುವ ಮಾತಾಗಿತ್ತು. ಹುಡುಗಿ ಅವನನ್ನು ನೋಡಿ ಬೇಡವೆಂದಿರಲಿಲ್ಲ. ಅವಳು ಬಾಗಿಲ ಮರೆಯಲ್ಲಿ ನಿಂತು ನಕ್ಕದ್ದನ್ನು ನೆನೆದು ಅವನು ಎರಡು ಸಲ ನೀರು ಸೇದುವ ಹಗ್ಗವನ್ನು ಕೈಜಾರಿ ಬಾವಿಗೆ ಬೀಳಿಸಿದ್ದ. ನೌಕರಿ ಸಿಕ್ಕಿದ ಮೇಲೆಯೇ ಮದುವೆ ಎಂಬುದು ರಾಯರ ಷರತ್ತು.

ಅದೇ ರಾಯರು ಈಗ ಆಯ್ಕೆ ಮಂಡಳಿಯ ಮೆಂಬರರಾಗಿದ್ದರು. ಪ್ರಹ್ಲಾದ ರಾಯಚೂರಿಗೆ ಹೋಗಿ ಅವರನ್ನು ಕಂಡ. ರಾಯರು ತಾಂಬೂಲ ಹಾಕಿಕೊಂಡು ಕಾಯ್ದೆ ಬಿಡಿಸಿ ಹೇಳಿದರು.

"ನೋಡಪಾ, ಮೆಂಬರ ಬೀಗರಿಗೆ ನೌಕರಿ ಕೊಡಬಾರದು ಅಂತ ಕಾಯ್ದೆ ಅದ. ನೀ ಇನ್ನೂ ನನ್ನ ಅಳಿಯ ಆಗಿಲ್ಲ, ಹಂಗಾಗಿ ಅಡ್ಡಿ ಇಲ್ಲ. ನೌಕರಿ ಸಿಕ್ಕಮ್ಯಾಲೆ ಅಳಿಯ ಆಗ್ತಿ, ಅದಕ್ಕೂ ಅಡ್ಡಿ ಇಲ್ಲ. ಆದ್ರ ಒಂದು ಮಾತು. ಅವತ್ತ ನಾ ನಿನ್ನ ಗುರ್ತು ಹಿಡಿಯೋದಿಲ್ಲ. ಹಿಡಿದ್ರ ಪಕ್ಷಪಾತ ಆಗ್ತದ."

"ಆಗ್ಲಿರಿ" ಎಂದು ಪ್ರಹ್ಲಾದ ಕಾಲಿಗೆ ಬಿದ್ದ.

ಮುಲಾಖಾತಿಗೆ ತಯಾರಿ ಬೇಕು. ಮಾನ್ವಿಯಲ್ಲಿ ಅದಕ್ಕೆ ಇದ್ದವರು ವಲಿ ಪಾಷಾ ಸಾಹೇಬರು. ತಹಸೀಲಿನಲ್ಲಿ ಪೇಷಕಾರರಾಗಿ ಪೆನ್ಷನ್ ಆದವರು, ಸಾಹೇಬರ ಮುಂದೆ ನಿಲ್ಲುವುದನ್ನೇ ಜೀವಮಾನವೆಲ್ಲ ಮಾಡಿದವರು. ತಮ್ಮ ಅಂಗಳದಲ್ಲಿ ಒಂದು ಕುರ್ಚಿ ಹಾಕಿ ಪ್ರಹ್ಲಾದನನ್ನು ಅದರ ಪಕ್ಕಕ್ಕೆ ನಿಲ್ಲಿಸಿದರು.

"ಬೇಟಾ, ಇಲ್ಲೊಂದು ಕುರ್ಚಿ ಅದ. ನಿನಗ ಕಾಣಸ್ತದೇನು?"

"ಕಾಣಸ್ತದ್ರಿ."

"ಕಾಣಬಾರದು. ಸಾಹೇಬ್ರು ಕೂಡು ಅಂದ್ರೂ ಕಾಣಬಾರದು. ಎರಡನೇ ಸಲ ಅಂದಾಗ ಬೆರಗಾಗಿ ನೋಡಬೇಕು. ಮೂರನೇ ಸಲ ಅಂದ್ರ ತುದಿಗೆ ಕುಂಡ್ರಬೇಕು. ಪೂರಾ ಕುಂತವರಿಗೆ ನೌಕರಿ ಸಿಕ್ಕಿದ್ದು ನಾ ನೋಡಿಲ್ಲ."

ಕುರ್ಚಿಯನ್ನು ಕಾಣದಿರುವುದನ್ನು ಕಲಿಯಲು ಪ್ರಹ್ಲಾದನಿಗೆ ಒಂದು ವಾರ ಹಿಡಿಯಿತು. ಆಮೇಲೆ ಸಲಾಮು. ರೂಮಿ ಟೋಪಿಯ ಗೊಂಡೆ ಮುಂದೆ ಬರಬೇಕು, ಟೋಪಿ ಬೀಳಬಾರದು. ಟೋಪಿ ಬಾವಿಕಟ್ಟೆಯ ಕೆಸರಿನಲ್ಲಿ ಬಿದ್ದು ಎದ್ದು, ಕಡೆಗೆ ತಲೆಯ ಮೇಲೆ ನಿಂತಿತು. ಆಮೇಲೆ ಉತ್ತರ.

"ಪ್ರಶ್ನೆ ಕೇಳಿದ ಕೂಡ್ಲೇ ಜವಾಬು ಕೊಡಬ್ಯಾಡ. ಸಾಹೇಬ್ರಿಗೆ ತಮ್ಮ ಪ್ರಶ್ನೆ ಸಣ್ಣದಾತು ಅನಿಸ್ತದ. ಮೊದಲು ವಾಹ್ ಅನ್ನು. ಆಮ್ಯಾಲೆ ವಿಚಾರ ಮಾಡಿದಂಗ ಮಾಡು. ಆಮ್ಯಾಲೆ ಅರ್ಧ ಹೇಳು. ಉಳಿದರ್ಧ ಸಾಹೇಬ್ರಿಗೆ ಬಿಡು."

"ಪೂರಾ ಗೊತ್ತಿದ್ರ?"

"ಮರೀಬೇಕಾಗ್ತದ, ಬೇಟಾ. ಅದಕ್ಕೇ ತಯಾರಿ ಅನ್ನೋದು."

ನಾಜಿಮರ ಪಾತ್ರವನ್ನು ಪರದೆಯ ಹಿಂದಿನಿಂದ ವಲಿ ಪಾಷಾರ ಹೆಂಡತಿ ಮುನವ್ವರ್ ಬೀ ವಹಿಸಿದರು. ಅವರ ದನಿ ಯಾವ ನಾಜಿಮರಿಗೂ ಕಡಿಮೆ ಇರಲಿಲ್ಲ.

"ಯಾಕ ಬಂದಿ?" ಎಂದು ಗುಡುಗಿದರು.

"ನೌಕರಿ ಕೇಳಾಕ್ರಿ" ಎಂದ ಪ್ರಹ್ಲಾದ.

"ಗಲತ್! ಹೊರಗ ನಡಿ!"

ವಲಿ ಪಾಷಾ ತಿದ್ದಿದರು. "ಹುಜೂರರ ದರ್ಶನಕ್ಕ ಬಂದೀನಿ ಅನ್ನಬೇಕು. ನೌಕರಿ ನೆನಪಾದ್ರ ಅವರಿಗೆ ನೆನಪಾಗಲಿ."

ವಲಿ ಪಾಷಾ ತಮ್ಮ ಶೇರ್ವಾನಿಯನ್ನೂ ಕೊಟ್ಟರು. ಅದರೊಳಗೆ ಪ್ರಹ್ಲಾದನಂಥವನು ಇನ್ನೊಬ್ಬ ಹಿಡಿಯುತ್ತಿದ್ದ. ತಾಯಿ ವೆಂಕೂಬಾಯಿ ಅದನ್ನು ಮಡಿಗೆ ತಾಗದಂತೆ ಹೊರಗಿನ ಗೂಟಕ್ಕೆ ಹಾಕಿಸಿ, ದೂರ ನಿಂತು ನೋಡಿದಳು.

"ಇದನ್ನ ಹಾಕ್ಕೊಂಡ್ರ ನೌಕರಿ ಸಿಗ್ತದೇನೋ?"

"ಸಿಗ್ತದಂತವ್ವಾ."

"ಏನು ನೌಕರಿ?"

"ಮುಗಿಲು ನೋಡೋದು."

"ಮ್ಯಾಟ್ರಿಕ್ ಪಾಸಾಗಲಿಕ್ಕೆ ಮೊದಲೂ ಅದನ್ನೇ ಮಾಡ್ತಿದ್ದೆಲ್ಲೋ" ಎಂದಳು. ಆದರೂ ಶೇರ್ವಾನಿಯ ಹರಿದ ಕಂಕುಳನ್ನು, ಮಾರನೆಯ ದಿನ ಸ್ನಾನ ಮಾಡುವುದಿದ್ದೇ ಇದೆಯೆಂದು, ತಾನೇ ಹೊಲಿದುಕೊಟ್ಟಳು.

ಮುಲಾಖಾತಿನ ದಿನ ಪ್ರಹ್ಲಾದ ಇದ್ದಲ ಗ್ಯಾಸಿನ ಮೋಟಾರಿನಲ್ಲಿ ರಾಯಚೂರಿಗೆ ಹೊರಟ. ಪೆಟ್ರೋಲು ಯುದ್ಧಕ್ಕೆ ಹೋಗಿದ್ದರಿಂದ ಮೋಟಾರುಗಳು ಇದ್ದಲ ತಿಂದು ಓಡುತ್ತಿದ್ದ ಕಾಲ ಅದು. ದಾರಿಯಲ್ಲಿ ಎಲ್ಲರೂ ಇಳಿದು ನೂಕಿದರು. ಕಚೇರಿಯ ಬೇವಿನ ಮರದ ಹಿಂದೆ ನಿಂತು ಗಂಟಿನಿಂದ ಶೇರ್ವಾನಿ ತೆಗೆದು ತೊಟ್ಟ, ಟೋಪಿ ಇಟ್ಟುಕೊಂಡ. ಅಂಗಳದಲ್ಲಿ ಇನ್ನು ಮೂವರು ಉಮೇದುವಾರರಿದ್ದರು: ಸಿರವಾರದ ಒಬ್ಬ ಕಾಳಿನ ವ್ಯಾಪಾರಿಯ ಮಗ, ಕಲ್ಲೂರಿನ ಒಬ್ಬ ಶಾಲೆ ಮಾಸ್ತರ, ದೇವದುರ್ಗದ ಕಡೆಯ ಒಕ್ಕಲಿಗ ಗದ್ದೆಪ್ಪ. ಮೂವರೂ ಧೋತರ, ರುಮಾಲಿನವರು.

ಒಳಗೆ ಒಂದು ತೊಡಕು ಎದ್ದಿತ್ತು. ಮಂಡಳಿಯ ಮೂರನೆಯ ಮೆಂಬರರು ಮಗಳ ನಿಕಾಹಕ್ಕೆ ಹೈದರಾಬಾದಿಗೆ ಹೋದವರು ಅಲ್ಲಿಂದಲೇ ಬೇರೆ ಊರಿಗೆ ಬದಲಿ ಮಾಡಿಸಿಕೊಂಡಿದ್ದರು. ಇಬ್ಬರು ಕೂತರೆ ಅದು ಮಂಡಳಿ ಅಲ್ಲ. ಪೇಷಕಾರ ಕಾಯ್ದೆ ಹುಡುಕಿದ. "ಮೆಂಬರನೊಬ್ಬನು ಗೈರುಹಾಜರಾದಲ್ಲಿ, ಕಚೇರಿಯ ಆವಾರದೊಳಗೆ ಹಾಜರಿರುವ, ಓದುಬರಹ ಬಲ್ಲ, ತಕ್ಕ ಪೋಷಾಕಿನಲ್ಲಿರುವ ಯಾವನೇ ಗೃಹಸ್ಥನನ್ನು ನಾಜಿಮರು ಕೂಡ್ರಿಸಿಕೊಳ್ಳಬಹುದು" ಎಂದಿತ್ತು. ಜವಾನ ಹೊರಗೆ ಬಂದು ಅಂಗಳ ನೋಡಿದ. ತಕ್ಕ ಪೋಷಾಕಿನಲ್ಲಿ ಒಬ್ಬನೇ ಇದ್ದ.

"ತಾವು ಒಳಗ ಬರಬೇಕಂತ್ರಿ" ಎಂದ.

ಪ್ರಹ್ಲಾದ ತನ್ನ ಸರದಿ ಬಂತೆಂದು ತಿಳಿದ. ಒಳಗೆ ಹೋಗಿ ಸಲಾಮು ಮಾಡಿದ. ಗೊಂಡೆ ಮುಂದೆ ಬಂತು, ಟೋಪಿ ನಿಂತಿತು. ನಾಜಿಮ್ ಸಾಹೇಬರು ಉರ್ದುವಿನಲ್ಲಿ ಮಾತಾಡುತ್ತಿದ್ದರು. ಅದನ್ನು ಇಲ್ಲಿ ಕನ್ನಡದಲ್ಲಿ ಕೊಡಲಾಗಿದೆ.

"ದಯಮಾಡಿ ಆಸನ ಸ್ವೀಕರಿಸಬೇಕು."

ಪ್ರಹ್ಲಾದನಿಗೆ ಕುರ್ಚಿ ಕಾಣಲಿಲ್ಲ. ಎರಡನೆಯ ಸಲಕ್ಕೆ ಬೆರಗಾದ. ಮೂರನೆಯ ಸಲಕ್ಕೆ ತುದಿಗೆ ಕೂತ. ಇಂಥ ಸಂಭಾವಿತರನ್ನು ಈ ಜಿಲ್ಲೆಯಲ್ಲಿ ಕಂಡಿರಲಿಲ್ಲವೆಂದು ನಾಜಿಮರು ಗೋಪಾಲಕೃಷ್ಣರಾಯರ ಕಡೆ ನೋಡಿದರು. ರಾಯರು ಕೊಟ್ಟ ಮಾತಿನಂತೆ ಪ್ರಹ್ಲಾದನ ಗುರುತು ಹಿಡಿಯದೆ ಕಿಟಕಿಯಿಂದ ಕಿಲ್ಲೆಯ ಗೋಡೆ ನೋಡುತ್ತಿದ್ದರು.

"ಇನ್ನು ಉಮೇದುವಾರರನ್ನು ಕರೆಯಿರಿ" ಎಂದರು ನಾಜಿಮರು.

ಆಗ ಪ್ರಹ್ಲಾದನಿಗೆ ತಾನು ಮೇಜಿನ ಯಾವ ಬದಿಗೆ ಕೂತಿದ್ದೇನೆಂಬುದು ತಿಳಿಯಿತು. ಎದ್ದು ನಿಜ ಹೇಳಬೇಕೆಂದು ಬಾಯಿ ತೆರೆದ. ಸಾಹೇಬರ ಮಾತಿಗೆ ಅಡ್ಡ ಬರಬಾರದೆಂದು ವಲಿ ಪಾಷಾ ಕಲಿಸಿದ್ದು ನೆನಪಾಗಿ ಮುಚ್ಚಿದ.

ಮೊದಲು ಸಿರವಾರದವನು ಬಂದ. ನಾಜಿಮರ ಪ್ರಶ್ನೆ ಎಲ್ಲರಿಗೂ ಒಂದೇ. "ಹದ್ದಿಗೂ ವಿಮಾನಕ್ಕೂ ಏನು ವ್ಯತ್ಯಾಸ?"

"ಹದ್ದಿಗೆ ಜೀವ ಅದ, ವಿಮಾನಕ್ಕ ಇಲ್ರಿ."

"ಒಳಗೆ ಕೂತು ನಡೆಸುವವನಿಗೆ ಜೀವವಿಲ್ಲವೆ?"

ಸಿರವಾರದವನು ಹಾಗೆಯೇ ಹಿಂದಕ್ಕೆ ಹೋದ. ಕಲ್ಲೂರಿನ ಮಾಸ್ತರರು ರೆಕ್ಕೆ, ಗಾಳಿ, ಯಂತ್ರ ಎಲ್ಲವನ್ನೂ ವಿವರಿಸಿ, ಮೇಜಿನ ಮೇಲಿನ ಕಾಗದ ಮಡಚಿ ಹಾರಿಸಿಯೂ ತೋರಿಸಿದರು. ಇಷ್ಟು ತಿಳಿದವರು ಈ ನೌಕರಿಯಲ್ಲಿ ನಿಲ್ಲಲಾರರೆಂದು ರಾಯರು ಅಭಿಪ್ರಾಯಪಟ್ಟರು. ಹಾರಿದ ಕಾಗದ ಸರಕಾರದ್ದಾಗಿತ್ತೆಂದು ಪೇಷಕಾರ ತಿಳಿಸಿದ. ಮಾಸ್ತರರು ಕಾಗದ ಹೆಕ್ಕಿ ಕೊಟ್ಟು ಹೋದರು.

ಗದ್ದೆಪ್ಪ ಬಂದು ಕುರ್ಚಿ ಎಳೆದುಕೊಂಡು ಪೂರಾ ಕೂತ.

"ಹದ್ದು ಕೋಳಿಮರಿ ಒಯ್ತದ್ರಿ. ವಿಮಾನ ಒಯ್ಯಂಗಿಲ್ಲ" ಎಂದ.

ರಾಯರು ಅದನ್ನು ನಾಜಿಮರಿಗೆ ಉರ್ದುವಿನಲ್ಲಿ ತಿಳಿಸಿದರು. "ನೀನು ವಿಮಾನ ನೋಡಿದ್ದೀಯಾ?" ಎಂದರು ನಾಜಿಮರು.

"ಇಲ್ರಿ."

"ಮತ್ತೆ ಒಯ್ಯುವುದಿಲ್ಲವೆಂದು ಹೇಗೆ ಗೊತ್ತು?"

"ಮರಿ ಲೆಕ್ಕ ಬರೋಬರಿ ಅದಾವ್ರಿ."

ನಾಜಿಮರು ಪ್ರಹ್ಲಾದನತ್ತ ತಿರುಗಿದರು. ಮೊದಲ ಪ್ರಶ್ನೆ ದಾಟಿದವನಿಗೆ ಪ್ರತಿಯೊಬ್ಬ ಮೆಂಬರನೂ ಒಂದು ಪ್ರಶ್ನೆ ಕೇಳಲೇಬೇಕು. ಪ್ರಹ್ಲಾದನಿಗೆ ಒಂದೇ ಪ್ರಶ್ನೆ ಬರುತ್ತಿತ್ತು. ಅದನ್ನು ಮುನವ್ವರ್ ಬೀಯ ದನಿಯಲ್ಲಿ ಕೇಳಿದ. "ಯಾಕ ಬಂದಿ?"

ಗದ್ದೆಪ್ಪನಿಗೆ ಆಶ್ಚರ್ಯವಾಯಿತು. "ನೌಕರಿಗಿ ಬಂದೀನಿ ಯಪ್ಪಾ. ಮತ್ಯಾಕ ಬರ್ತಾರ?"

ತಾನೂ ಇದೇ ಉತ್ತರ ಕೊಟ್ಟು ಅಂಗಳದಿಂದ ಹೊರಗೆ ಹಾಕಿಸಿಕೊಂಡದ್ದು ಪ್ರಹ್ಲಾದನಿಗೆ ನೆನಪಾಗಿ ಅಯ್ಯೋ ಅನ್ನಿಸಿತು. ತಪ್ಪೆಂದು ಬರೆದ.

ಆಮೇಲೆ ಜವಾನ ಬಾಗಿಲಲ್ಲಿ ನಿಂತು ಕೂಗಿದ: "ಪ್ರಹ್ಲಾದ, ವಲ್ದ್ ಹನುಮಂತಾಚಾರ್ಯ, ಸಾಕಿನ್ ಮಾನ್ವಿ!" ಅಂಗಳದಿಂದ ಯಾರೂ ಬರಲಿಲ್ಲ. ಅವನು ಮತ್ತೆ ಕೂಗಿದ.

"ಹಾಜಿರ್" ಎಂದು ಪ್ರಹ್ಲಾದ ಕುರ್ಚಿಯಿಂದ ಎದ್ದ.

ಪಂಖಾ ನಿಂತಿತು. ನಾಜಿಮರು ಪೇಷಕಾರನನ್ನು ನೋಡಿದರು, ಪೇಷಕಾರ ಕಾಯ್ದೆ ನೋಡಿದ. ಮೆಂಬರನು ಉಮೇದುವಾರನಾಗಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ಬರೆದವರಿಗೆ ಅದು ಹೊಳೆದಿರಲಿಲ್ಲ. "ಹಾಗಾದರೆ ಸಂಗತಿ ಸರಳವಾಗಿದೆ. ತಾವು ಹೊರಗೆ ಹೋಗಿ ಒಳಗೆ ಬರಬೇಕು" ಎಂದರು ನಾಜಿಮರು.

ಪ್ರಹ್ಲಾದ ಹೊರಗೆ ಹೋಗಿ ಒಳಗೆ ಬಂದ. ಸಲಾಮು ಮಾಡಿದ. ನಾಜಿಮರು ಹದ್ದಿನ ಪ್ರಶ್ನೆ ಕೇಳಿದರು.

"ವಾಹ್" ಎಂದ ಪ್ರಹ್ಲಾದ. ತುಸು ಹೊತ್ತು ನೆಲ ನೋಡಿದ. "ಹುಜೂರ್, ಹದ್ದು ಅಂದ್ರ..."

"ಅದೇ!" ಎಂದು ನಾಜಿಮರು ಮೇಜು ಕುಟ್ಟಿ ಉಳಿದದ್ದನ್ನು ತಾವೇ ಹೇಳಿದರು. ಹದ್ದಿನಿಂದ ಹಿಡಿದು ತಮ್ಮ ಬಾಲ್ಯ, ಪಾರಿವಾಳ, ತಾತನ ಶಿಕಾರಿಯವರೆಗೆ ಹೋಗಿ, ಚಹಾ ಬಂದಾಗ ನಿಲ್ಲಿಸಿದರು. ಇಂಥ ಸಮಗ್ರ ಉತ್ತರವನ್ನು ತಾವು ಕೇಳಿಲ್ಲವೆಂದು ಪೂರ್ಣ ಅಂಕ ಕೊಟ್ಟರು.

ರಾಯರು ಕಿಟಕಿಯಿಂದ ಕಣ್ಣು ತೆಗೆದರು. "ನಿಮ್ಮದು ಯಾವೂರು?"

"ಮಾನ್ವಿರಿ."

"ಮದುವಿ ಆಗ್ಯದೇನು?"

"ಇಲ್ರಿ."

"ಯಾಕ?"

"ನೌಕರಿ ಇಲ್ರಿ."

"ಕಾರಣ ಯೋಗ್ಯ ಅದ" ಎಂದು ರಾಯರೂ ಪೂರ್ಣ ಅಂಕ ಬರೆದರು.

ಮೂರನೆಯ ಮೆಂಬರನ ಕುರ್ಚಿ ಖಾಲಿ ಇತ್ತು. ಪ್ರಹ್ಲಾದ ಮೇಜು ಸುತ್ತಿ ಹೋಗಿ ಅದರಲ್ಲಿ ಕೂತು "ಯಾಕ ಬಂದಿ?" ಎಂದು ಕೇಳಿದ. ಎದ್ದು ಬಂದು ಎದುರಿಗೆ ನಿಂತ. ಖಾಲಿ ಕುರ್ಚಿಗೆ ಬಾಗಿ "ಹುಜೂರರ ದರ್ಶನಕ್ಕ ಬಂದೀನ್ರಿ" ಎಂದ. ಮತ್ತೆ ಹೋಗಿ ಕೂತ. ಅಂಕದ ಕಾಗದ ಮುಂದಿತ್ತು. ಲೇಖನಿಯನ್ನು ಎರಡು ಸಲ ಮಸಿಯಲ್ಲಿ ಅದ್ದಿದ. ಗದ್ದೆಪ್ಪನ ಮುಖ ಕಣ್ಣಮುಂದೆ ಬಂತು, ಅದರ ಹಿಂದೆ ಜಯಾಬಾಯಿಯ ಮುಖ ಬಂದು ಅದನ್ನು ಪಕ್ಕಕ್ಕೆ ಸರಿಸಿತು. ಪೂರ್ಣ ಅಂಕ ಬರೆದ. ತಾನೇ ಕೊಡುವಾಗ ಒಂದಂಕ ಕಡಿಮೆ ಕೊಟ್ಟಿದ್ದರೆ ಚೆನ್ನಾಗಿ ಕಾಣುತ್ತಿತ್ತೆಂದು ಆಮೇಲೆ ಅನ್ನಿಸಿತು.

ನಾಜಿಮರು ಎದ್ದು ಕೈಕುಲುಕಿ ಮುಬಾರಕ್ ಹೇಳಿದರು. ಪ್ರಹ್ಲಾದನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಪೇಷಕಾರ ಗಂಟಲು ಸರಿಮಾಡಿಕೊಂಡ.

"ಗುಸ್ತಾಖಿ ಮಾಫ್. ಇವರು ಈಗ ಪಾಸಾದರು. ಪಾಸಾದವರು ಈ ಕಚೇರಿಯ ನೌಕರರು. ನೌಕರರು ಮಂಡಳಿಯಲ್ಲಿ ಕೂಡುವಂತಿಲ್ಲ. ಇವರು ಕೂತಿಲ್ಲವೆಂದರೆ ಮಂಡಳಿಯಲ್ಲಿ ಇಬ್ಬರೇ ಇದ್ದರು. ಇಬ್ಬರಿದ್ದರೆ ಅದು ಮಂಡಳಿ ಅಲ್ಲ. ಮಂಡಳಿ ಇಲ್ಲದಿದ್ದರೆ ಯಾರೂ ಪಾಸಾಗಿಲ್ಲ."

ಅದರಲ್ಲಿ ಎಲ್ಲಿಯೂ ತಪ್ಪು ಸಿಗಲಿಲ್ಲ. ನಾಜಿಮರು ಬಹಳ ಹೊತ್ತು ಯೋಚಿಸಿ ಹುಕುಂ ಹೇಳಿದರು. ಮೂರನೆಯ ಮೆಂಬರರ ಜಾಗ ಖಾಲಿ ಇದೆ. ಅದಕ್ಕೆ ಪ್ರಹ್ಲಾದರನ್ನು ಕಾಯಂ ಮಾಡಲಾಗಿದೆ. ನಿಗರಾನ್ ಹುದ್ದೆಗೆ ಬರುವ ತಿಂಗಳು ಹೊಸದಾಗಿ ಮುಲಾಖಾತು ನಡೆಯತಕ್ಕದ್ದು.

ಪ್ರಹ್ಲಾದ ಮುಖ ಸಣ್ಣ ಮಾಡಿಕೊಂಡು ಪಡಸಾಲೆಗೆ ಬಂದ. ಗೋಪಾಲಕೃಷ್ಣರಾಯರು ಹಿಂದೆಯೇ ಬಂದು ಈಗ ಗುರುತು ಹಿಡಿದರು.

"ಯಾಕೋ, ಅಳಲಿಕ್ಕತ್ತೀಯಲ್ಲ?"

"ನೌಕರಿ ಹೋತಲ್ರಿ ಮಾವಾ."

"ಹುಚ್ಚ! ನಿಗರಾನ ಪಗಾರಕಿಂತ ಮೆಂಬರ ಭತ್ಯೆ ಹೆಚ್ಚದ. ನಿಗರಾನ ಬಿಸಿಲಾಗ ಕುಂಡ್ರಬೇಕು, ಮೆಂಬರ ಪಂಖಾ ಕೆಳಗ ಕುಂಡ್ರತಾನ. ಆದ್ರ ಕಾಯ್ದೆದಾಗ ಇನ್ನೊಂದು ಮಾತದ, ನೆನಪಿಟ್ಟಿರು. ನಿಗರಾನನ ನೇಮಕ ಆದ ದಿನಾನೇ ಮಂಡಳಿ ಬರಖಾಸ್ತ್." ರಾಯರು ಅವನ ಶೇರ್ವಾನಿಯ ಭುಜ ತಟ್ಟಿದರು. "ಮುಹೂರ್ತ ತಗಸ್ತೀನಿ."

ಬೇವಿನ ಮರದ ಕೆಳಗೆ ಗದ್ದೆಪ್ಪ ಕಾಯುತ್ತಿದ್ದ. "ಯಪ್ಪಾ, ನಾ ಎಲ್ಲಿ ತಪ್ಪೀನಿ ಹೇಳ್ರಿ. ಹೊಲದಾಗ ಅಟ್ಟಣಿಗಿ ಮ್ಯಾಲ ಕುಂತು ಹಕ್ಕಿ ಕಾಯೋ ಮನಷ್ಯಾ ನಾನು. ಮುಗಿಲು ನೋಡೋದು ನಂಗ ಹೊಸಾದಲ್ಲ."

ಪ್ರಹ್ಲಾದನಿಗೆ ಮನಸ್ಸು ತಡೆಯಲಿಲ್ಲ. ಕುರ್ಚಿ ಕಾಣಬಾರದೆಂಬುದರಿಂದ ಹಿಡಿದು ಹುಜೂರರ ದರ್ಶನದವರೆಗೆ ವಲಿ ಪಾಷಾ ಕಲಿಸಿದ್ದನ್ನೆಲ್ಲ ಗದ್ದೆಪ್ಪನಿಗೆ ಅಲ್ಲಿಯೇ ಹೇಳಿಕೊಟ್ಟ. ಗದ್ದೆಪ್ಪ ರುಮಾಲು ತೆಗೆದು ನಮಸ್ಕಾರ ಮಾಡಿದ. ಅಂದು ಪ್ರಹ್ಲಾದನಿಗೆ ಒಳ್ಳೆಯ ಕೆಲಸ ಮಾಡಿದ ಸಮಾಧಾನವಿತ್ತು.

ಮರುತಿಂಗಳು ಸಿರವಾರದವನೂ ಕಲ್ಲೂರಿನವರೂ ಬರಲಿಲ್ಲ. ಗದ್ದೆಪ್ಪ ಒಬ್ಬನೇ ಬಂದ. ಅವನಿಗೆ ಕುರ್ಚಿ ಕಾಣಲಿಲ್ಲ. ವಾಹ್ ಎಂದ. ಅರ್ಧ ಹೇಳಿ ಬಿಟ್ಟ. ನಾಜಿಮರು ಉಳಿದದ್ದನ್ನು ಹೇಳಿ ಸಂತೋಷಪಟ್ಟರು. ಕಡೆಗೆ ಗದ್ದೆಪ್ಪ ಧೈರ್ಯವಾಗಿ ಪ್ರಹ್ಲಾದನ ಪ್ರಶ್ನೆಗೆ ಕಾದ. ಪ್ರಹ್ಲಾದನ ಮದುವೆಗೆ ಇನ್ನು ಹದಿನೈದು ದಿನವಿತ್ತು. ರಾಯರು ಕಿಟಕಿಯ ಕಡೆಯಿಂದ ಒಮ್ಮೆ ಕೆಮ್ಮಿದರು.

"ದೇವದುರ್ಗದ ಮ್ಯಾಲೆ ಮುಗಿಲು ಎಷ್ಟು ಎಕರೆ ಅದ?" ಎಂದು ಕೇಳಿದ ಪ್ರಹ್ಲಾದ.

ಗದ್ದೆಪ್ಪ ಬೆರಳು ಮಡಚಿ ಎಣಿಸಲು ಹೋಗಿ ಬಿಟ್ಟ. ಅವನು ನೋಡಿದ ನೋಟವನ್ನು ಪ್ರಹ್ಲಾದ ಎದುರಿಸಲಾಗದೆ ಮೇಜಿನ ಮಸಿಕುಡಿಕೆ ನೋಡಿದ. ತಪ್ಪೆಂದು ಬರೆದ. ಈ ಸಲ ಲೇಖನಿಯನ್ನು ಒಂದೇ ಸಲ ಅದ್ದಿದರೆ ಸಾಕಾಯಿತು.

ಆದರೆ ಇರುವ ಒಬ್ಬ ಉಮೇದುವಾರನೂ ಬಾರದೆ ಹೋದರೆ ಮುಲಾಖಾತು ಹೇಗೆ ನಡೆದೀತು ಎಂಬ ಚಿಂತೆ ಮಂಡಳಿಗೆ ಹತ್ತಿತು. ಉಮೇದುವಾರನಿಗೆ ಹೋಗಿಬರುವ ಮೋಟಾರು ಖರ್ಚು, ಬಂದ ದಿನದ ಊಟ, ಮುಲಾಖಾತಿನ ನಡುವೆ ಚಹಾ ಮಂಜೂರಾಯಿತು. ಗದ್ದೆಪ್ಪ ತಪ್ಪದೆ ಬಂದ. ಅವನ ಊರಿನಲ್ಲಿ ಅವನಿಗೆ ಮುಲಾಖಾತಿನ ಗದ್ದೆಪ್ಪ ಎಂದು ಹೆಸರಾಯಿತು. ಪಟೇಲರು ಅವನನ್ನು ಕಟ್ಟೆಯ ಮೇಲೆ ಕೂಡ್ರಿಸಿಕೊಳ್ಳತೊಡಗಿದರು, ಏಕೆಂದರೆ ಸಾಹೇಬರೆದುರು ತಿಂಗಳು ತಿಂಗಳು ಕುರ್ಚಿಯ ತುದಿಗೆ ಕೂತವನು ಆ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ. ಮೊದಮೊದಲು ಅವನು ನೇಮಕದ ವಿಷಯ ಕೇಳುತ್ತಿದ್ದ. ಆಮೇಲೆ ಮುಂದಿನ ತಾರೀಖು ಮಾತ್ರ ಕೇಳತೊಡಗಿದ.

ಪ್ರಹ್ಲಾದನ ಮದುವೆ ಆಯಿತು. ಮೆಂಬರರು ತಮ್ಮತಮ್ಮಲ್ಲಿ ಮಾವ ಅಳಿಯ ಆಗಿರಬಾರದೆಂದು ಕಾಯ್ದೆಯಲ್ಲಿ ಇರಲಿಲ್ಲ. ರಾಯಚೂರಿನಲ್ಲಿ ಮನೆ ಮಾಡಿದ. ಮುಲಾಖಾತು ಮುಗಿಸಿ ಬಂದಾಗ ಜಯಾಬಾಯಿ ನೀರು ಕೊಟ್ಟು ಕೇಳುತ್ತಿದ್ದಳು.

"ಈ ಸಲ ಯಾರನ್ನ ತಗೊಂಡ್ರಿ?"

"ಯಾರನ್ನೂ ಇಲ್ಲ."

"ಛಲೋ ಆತು" ಎಂದು ಅವಳು ಒಳಗೆ ಹೋಗಿ ಒಗ್ಗರಣೆ ಹಾಕುತ್ತಿದ್ದಳು.

ಮರುವರ್ಷ ಸುಗ್ಗಿಯ ಹೊತ್ತಿಗೆ, ಒಂದು ಮುಲಾಖಾತಿನ ಮಾರನೆಯ ದಿನ, ಹೈದರಾಬಾದಿನಿಂದ ತಾರು ಬಂತು. "ನಿನ್ನೆ ಮಧ್ಯಾಹ್ನ ದೇವದುರ್ಗದ ಮೇಲೆ ವಿಮಾನವೊಂದು ಕೆಳಗಿಳಿದು ಗುಡ್ಡ ಸುತ್ತಿ ಹೋಯಿತೆಂದು ದೂರು ಬಂದಿದೆ. ಯಾರದೆಂದು ತಿಳಿಯದು. ನಿಗರಾನನ ವರದಿ ಸಂಜೆಯೊಳಗೆ ಕಳಿಸತಕ್ಕದ್ದು."

ನಾಜಿಮರ ಕೈಯಲ್ಲಿನ ಚಹಾದ ಬಸಿ ಮೇಜಿನ ಮೇಲೆ ಬಿತ್ತು. ನಿಗರಾನನೇ ಇಲ್ಲವೆಂದು ಬರೆದರೆ ಎಲ್ಲರ ಹೊಟ್ಟೆಯ ಮೇಲೆ ಬರುತ್ತಿತ್ತು. ಅಳಿಯ ಮಾವ ಓಡಿ ಬಂದರು. ಬಾಗಿಲು ಹಾಕಿಕೊಂಡು ಮಂಡಳಿ ಕೂತಿತು. ಪ್ರಹ್ಲಾದನಿಗೆ ದಾರಿ ಹೊಳೆಯಿತು. "ಗದ್ದೆಪ್ಪನ್ನ ಹಿಂದಿನ ತಾರೀಖು ಹಾಕಿ ನೇಮಕ ಮಾಡೋಣ್ರಿ. ವರದಿ ಬರಸ್ಕೊಂಡು ಮುಂದಿಂದು ಆಮ್ಯಾಲೆ ನೋಡೋಣ."

ಮೋಟಾರು ಕೆಟ್ಟಿದ್ದರಿಂದ ಗದ್ದೆಪ್ಪ ಊರಿಗೆ ಹೋಗದೆ ಅಲ್ಲಿಯೇ ಚಹಾದಂಗಡಿಯಲ್ಲಿದ್ದ. ಜವಾನ ಎಳೆದುಕೊಂಡು ಬಂದ. ನಾಜಿಮರು ಏನನ್ನೂ ಕೇಳದೆ ಅವನ ಕೈಕುಲುಕಿದರು.

"ನೀ ಪಾಸಾದಿ ಗದ್ದೆಪ್ಪ" ಎಂದ ಪ್ರಹ್ಲಾದ. "ಹೋದ ತಿಂಗಳಿಂದನ ನೀ ನಿಗರಾನ."

ಗದ್ದೆಪ್ಪನ ಮುಖ ಬಿಳಿಚಿತು. "ನಾ ಏನ್ ತಪ್ಪ ಮಾಡೀನ್ರಿ?"

"ತಪ್ಪಲ್ಲೋ, ನೌಕರಿ! ಈಗ ಹೇಳು. ನಿನ್ನಿ ಮಧ್ಯಾಹ್ನ ದೇವದುರ್ಗದ ಮ್ಯಾಲೆ ವಿಮಾನ ಬಂತಲ್ಲ, ಎಂಥಾದಿತ್ತು?"

"ನಾ ನೋಡಿಲ್ರಿ."

"ನೋಡ್ದಂಗ ಹೇಳು."

"ಹೆಂಗ ಹೇಳ್ಲಿರಿ? ನಿನ್ನಿ ಮಧ್ಯಾಹ್ನ ನಾ ಇಲ್ಲೇ ಕುಂತಿದ್ನಲ್ರಿ ತಮ್ಮ ಮುಂದ. ಮುಗಿಲಿನ ತೂಕ ಎಷ್ಟು ಅಂತ ತಾವು ಕೇಳಾಕತ್ತಿದ್ರಿ."

ಪೇಷಕಾರ ನಿನ್ನೆಯ ಹಾಜರಿ ತೆಗೆದು ನೋಡಿ ಹೌದೆಂದ. ಅಲ್ಲಿಗೆ ವರದಿ ತಾನಾಗಿ ಸಿದ್ಧವಾಯಿತು. "ದೇವದುರ್ಗದ ನಿಗರಾನನನ್ನು ಖುದ್ದು ವಿಚಾರಿಸಲಾಗಿ, ಸದರಿ ದಿವಸ ಆತನು ಯಾವ ವಿಮಾನವನ್ನೂ ಕಂಡಿರುವುದಿಲ್ಲ. ನಿಗರಾನನು ಕಾಣದ ವಿಮಾನ ಬಂದಿತ್ತೆನ್ನಲು ಆಧಾರವಿಲ್ಲ." ವರದಿ ತಾರಿನಲ್ಲಿ ಹೋದ ಮೇಲೆ, ಸದರಿ ದಿವಸ ಗುಡ್ಡದ ಮೇಲೆ ಹಾಜರಿರದ ತಪ್ಪಿಗಾಗಿ ನಿಗರಾನ್ ಗದ್ದೆಪ್ಪನನ್ನು ನೌಕರಿಯಿಂದ ತೆಗೆಯಲಾಯಿತು. ನೇಮಕವೂ ಬರತರ್ಫಿಯೂ ಒಂದೇ ಹಾಳೆಯಲ್ಲಿ ಆದುದರಿಂದ ನಡುವೆ ಮಂಡಳಿ ಬರಖಾಸ್ತಾಗಲು ಸಮಯ ಸಿಗಲಿಲ್ಲ.

ಪ್ರಹ್ಲಾದ ಇದನ್ನು ಮೆಲ್ಲಗೆ ತಿಳಿಸಿದ. ಗದ್ದೆಪ್ಪ ರುಮಾಲಿನ ತುದಿಯಿಂದ ಬೆವರು ಒರೆಸಿಕೊಂಡ.

"ಹಂಗಾದ್ರ ಬರೋ ತಿಂಗಳ ಮುಲಾಖಾತು ಅದನಲ್ರಿ ಯಪ್ಪಾ?"

"ಅದ."

"ಉಳಿಸಿದ್ರಿ" ಎಂದು ಗದ್ದೆಪ್ಪ ಕೈಮುಗಿದ.

ಜಿಲ್ಲೆಯ ಆಕಾಶವನ್ನು ಇಷ್ಟು ನಿರ್ಮಲವಾಗಿ ಇಟ್ಟುದಕ್ಕೆ ಹೈದರಾಬಾದಿನಿಂದ ನಾಜಿಮರಿಗೆ ಮೆಚ್ಚುಗೆ ಬಂತು. ಕಚೇರಿಗೆ ಇನ್ನೊಂದು ಪಂಖಾ ಮಂಜೂರಾಯಿತು.

ಗದ್ದೆಪ್ಪ ಊರು ಮುಟ್ಟಿದಾಗ ಓಣಿಯೆಲ್ಲ ವಿಮಾನದ ಮಾತಾಡುತ್ತಿತ್ತು. ಅವನ ಹೆಂಡತಿ ಆದೆಮ್ಮ ರೊಟ್ಟಿ ತಟ್ಟುವುದನ್ನು ಬಿಟ್ಟು, ಹಿಟ್ಟಿನ ಕೈಯಿಂದಲೇ ತೋರಿಸುತ್ತ ಓಡಿ ಬಂದಳು.

"ನೀ ಇರಲಿಲ್ಲ ನೋಡು! ಮನಿ ಮ್ಯಾಲೇ ಬಂದಿತ್ತು. ಬೆಳ್ಳನ್ನದು, ಈಟು ದೊಡ್ಡದು. ಗಿಡದಾನ ಹಕ್ಕಿ ಎಲ್ಲಾ ಎದ್ದು ಹೋದವು. ಎಮ್ಮಿ ಹಗ್ಗ ಹರಕೊಂತು. ನಮ್ಮೂರಾಗ ವಿಮಾನ ನೋಡಲಾರದವ ನೀನೊಬ್ಬನ!"

ಗದ್ದೆಪ್ಪ ಚಪ್ಪಲಿ ಬಿಟ್ಟು, ಕಾಲು ತೊಳೆದು, ಕಟ್ಟೆಯ ತುದಿಗೆ ಕೂತ.

"ಅದು ವಿಮಾನಲ್ಲ ಬೇ" ಎಂದ.

"ಕಣ್ಣಾರೆ ನೋಡೀನಿ, ಅಲ್ಲಂತಿಯಲ್ಲ?"

"ಹೆಂಗ ನೋಡ್ತಿ? ನೋಡಾಕ ಇನ್ನಾ ಯಾರನ್ನೂ ತಗೊಂಡಿಲ್ಲ."

ಆದೆಮ್ಮ ಕೈಯ ಹಿಟ್ಟು ಉದುರಿಸುತ್ತ ವಿಚಾರ ಮಾಡಿದಳು. ರಾಯಚೂರಿನ ಸಾಹೇಬರ ಜೊತೆ ಓಡಾಡುವ ಗಂಡ ಸುಮ್ಮನೆ ಹೇಳುವವನಲ್ಲ. "ಹಂಗಾ?" ಎಂದಳು. ಬಾಗಿಲಿಗೆ ಹೋಗಿ, ಓಣಿಯಲ್ಲಿ ಮಾತಾಡುತ್ತ ನಿಂತಿದ್ದ ಹೆಂಗಸರಿಗೆ ಕೇಳುವಂತೆ, ನಾವು ನೋಡಿದ್ದು ವಿಮಾನ ಅಲ್ಲಂತ, ಇನ್ನಾ ನೇಮಕ ಆಗಿಲ್ಲಂತ ಎಂದು ಕೂಗಿ ಹೇಳಿದಳು. ಹೌದಾ ಎಂದು ಅವರೂ ಸೆರಗು ಸರಿಮಾಡಿಕೊಂಡು ತಮ್ಮ ತಮ್ಮ ಮನೆಯ ಒಳಗೆ ಹೋದರು.